ಆಕ್ಸೆಸ್ ಪಾಯಿಂಟ್‌ನ ಪೋರ್ಟ್ ಮೇಲೆ ಒಂದು ಕಣ್ಣಿಡಿ: ದೀಪದಿಂದ ಎಸ್‌ಎನ್‌ಎಂಪಿವರೆಗೆ

ಫೋನಿನಲ್ಲಿ ವೈಫೈ ಗೆರೆಗಳು ಪೂರ್ತಿ ಇವೆ. ಪಾಸ್‌ವರ್ಡ್ ಸರಿಯಿದೆ, ಕನೆಕ್ಟ್ ಕೂಡ ಆಗಿದೆ. ಆದರೂ ಪುಟ ತೆರೆಯುವುದಿಲ್ಲ, ವಿಡಿಯೊ ಕಾಲ್ ಮಧ್ಯೆ ಮಧ್ಯೆ ನಿಂತುಹೋಗುತ್ತದೆ. ಇಂಥ ದೂರು ಬಂದಾಗ ಹೆಚ್ಚಿನವರು ಮೊದಲು ಚಾನೆಲ್ ಬದಲಿಸುತ್ತಾರೆ. ಆಮೇಲೆ ಸಿಗ್ನಲ್ ಪವರ್ ಏರಿಸುತ್ತಾರೆ. ಅದೂ ಆಗದಿದ್ದರೆ ವೈಫೈ ಸಿಗ್ನಲ್ ಬಿಡುವ ಪೆಟ್ಟಿಗೆಯಾದ ಆಕ್ಸೆಸ್ ಪಾಯಿಂಟನ್ನೇ ರೀಸ್ಟಾರ್ಟ್ ಮಾಡುತ್ತಾರೆ. ಅದರ ಹಿಂದೆ ಸಿಕ್ಕಿಸಿರುವ ಕೇಬಲ್ ಕಡೆಗೆ ಗಮನ ಹೋಗುವುದು ತುಂಬಾ ತಡವಾಗಿ. ಗಾಳಿಯಲ್ಲಿ ಬಂದ ಡೇಟಾ ಎಲ್ಲಾ ಕೊನೆಗೆ ಆ ಒಂದೇ ಪೋರ್ಟ್ ಮೂಲಕ ಹೊರಗೆ ಹೋಗಬೇಕು, ಅಲ್ವಾ? ಪೋರ್ಟ್ ಕುಂಟಿದರೆ ವೈಫೈ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಪೋರ್ಟ್ 'ಅಪ್' ಇದೆ ಎಂದು ನೋಡಿ ಸುಮ್ಮನಾಗುವುದು ಸಾಲದು. ಲಿಂಕ್ ಎಷ್ಟು ಸ್ಪೀಡ್‌ನಲ್ಲಿ ಬಂದಿದೆ, ಎರರ್ ಏರುತ್ತಿದೆಯಾ, ಎಷ್ಟು ಸಲ ಬಿದ್ದು ಎದ್ದಿದೆ, ಕರೆಂಟ್ ಸಾಕಷ್ಟು ಸಿಗುತ್ತಿದೆಯಾ, ಇಷ್ಟನ್ನೂ ನೋಡಬೇಕು. ಅದನ್ನೂ ಕೇಬಲ್‌ನ ಎರಡೂ ತುದಿಯಿಂದ ನೋಡಬೇಕು.

ಹಂತ 1: ಯಾವ ಪೋರ್ಟ್ ಯಾವುದಕ್ಕೆ ಎಂದು ಬರೆದಿಟ್ಟುಕೊಳ್ಳಿ

ಕೆಲವು ಆಕ್ಸೆಸ್ ಪಾಯಿಂಟ್‌ಗಳಲ್ಲಿ ಒಂದೇ ಪೋರ್ಟ್ ಇರುತ್ತದೆ, ಕೆಲವದರಲ್ಲಿ ಎರಡು. ಗೋಡೆಗೆ ಕೂರಿಸುವ ಮಾದರಿಗಳಲ್ಲಿ ಇನ್ನೂ ಜಾಸ್ತಿ ಇರಬಹುದು. ಸ್ವಿಚ್‌ನಿಂದ (ನೆಟ್‌ವರ್ಕ್ ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ) ಕೇಬಲ್ ಬಂದು ಸೇರುವುದು ಅಪ್‌ಲಿಂಕ್ ಪೋರ್ಟ್. ಪಿಒಇ (ನೆಟ್‌ವರ್ಕ್ ಕೇಬಲ್‌ನಲ್ಲೇ ಕೊಡುವ) ಕರೆಂಟ್ ಬರುವುದೂ ಸಾಮಾನ್ಯವಾಗಿ ಅದರಲ್ಲೇ. ಉಳಿದವು ಪ್ರಿಂಟರ್, ಟಿವಿ, ಡೆಸ್ಕ್ ಫೋನ್ ಸಿಕ್ಕಿಸಲು.

ಪ್ರತಿ ಆಕ್ಸೆಸ್ ಪಾಯಿಂಟ್‌ಗೂ ನಾಲ್ಕು ವಿಷಯ ಒಂದು ಶೀಟ್‌ನಲ್ಲಿ ಬರೆಯಿರಿ: ಅದರ ಹೆಸರು, ಅಪ್‌ಲಿಂಕ್ ಪೋರ್ಟ್‌ನ ಹೆಸರು, ಅದು ಯಾವ ಸ್ವಿಚ್‌ನ ಎಷ್ಟನೇ ಪೋರ್ಟ್‌ಗೆ ಹೋಗುತ್ತದೆ, ಅಲ್ಲಿ ಎಷ್ಟು ಸ್ಪೀಡ್ ಬರಬೇಕು. ಕೊನೆಯದನ್ನು ಬಿಡಬೇಡಿ. ಆಕ್ಸೆಸ್ ಪಾಯಿಂಟ್‌ನಲ್ಲಿ 2.5 ಗಿಗಾಬಿಟ್ ಪೋರ್ಟ್ ಇದ್ದು ಸ್ವಿಚ್ ಬರೀ 1 ಗಿಗಾಬಿಟ್‌ದಾಗಿದ್ದರೆ 1000 (ಮೆಗಾಬಿಟ್, ಅಂದರೆ 1 ಗಿಗಾಬಿಟ್) ಎಂದು ತೋರಿಸುವುದು ಸರಿಯಾದದ್ದೇ. ಎರಡೂ ಕಡೆ 2.5 ಇದ್ದು 1000 ತೋರಿಸಿದರೆ ಮಾತ್ರ ಹುಡುಕುವ ಕೆಲಸ ಇದೆ. ಎಷ್ಟು ಬರಬೇಕು ಎಂದು ಗೊತ್ತಿಲ್ಲದೆ ಎಷ್ಟು ಬಂದಿದೆ ಎಂದು ನೋಡಿ ಏನೂ ತಿಳಿಯುವುದಿಲ್ಲ.

ಕೇಬಲ್ ಸೀಲಿಂಗ್ ಒಳಗೆ ಹೋಗಿ ಯಾವ ಸ್ವಿಚ್‌ಗೆ ಸೇರಿದೆ ಎಂದು ಗೊತ್ತಾಗದಿದ್ದರೆ ಎಲ್‌ಎಲ್‌ಡಿಪಿ ಕೈ ಹಿಡಿಯುತ್ತದೆ. ಇದು ಆನ್ ಇದ್ದರೆ ಆಕ್ಸೆಸ್ ಪಾಯಿಂಟ್ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ತನ್ನ ಹೆಸರು, ಪೋರ್ಟ್ ಹೆಸರನ್ನು ಎದುರಿನ ಸ್ವಿಚ್‌ಗೆ ಹೇಳುತ್ತದೆ. ಸ್ವಿಚ್‌ನ 'ನೇಬರ್' ಪಟ್ಟಿ ತೆರೆದರೆ ಯಾವ ಪೋರ್ಟ್‌ನಲ್ಲಿ ಯಾರಿದ್ದಾರೆ ಎಂದು ಸಾಲಾಗಿ ಕಾಣುತ್ತದೆ. ಏಣಿ ಹತ್ತುವ ಕೆಲಸವೇ ಇಲ್ಲ.

ಹಂತ 2: ದೀಪ ನೋಡಿ, ಆದರೆ ಅಲ್ಲಿಗೇ ನಿಲ್ಲಬೇಡಿ

ಪೋರ್ಟ್ ಪಕ್ಕದ ದೀಪ ಉರಿಯುತ್ತಿದ್ದರೆ ಲಿಂಕ್ ಇದೆ, ಮಿನುಗಿದರೆ ಡೇಟಾ ಓಡಾಡುತ್ತಿದೆ. ಹಸಿರು ಎಂದರೆ ಗಿಗಾಬಿಟ್, ಕಿತ್ತಳೆ ಎಂದರೆ 100 ಎಂದು ಕೆಲವು ಸ್ವಿಚ್‌ಗಳಲ್ಲಿ ಇರುತ್ತದೆ. ಇನ್ನು ಕೆಲವದರಲ್ಲಿ ಇದು ಉಲ್ಟಾ. ನಿಮ್ಮ ಮಾದರಿಯ ಕೈಪಿಡಿ ನೋಡದೆ ಬಣ್ಣ ನಂಬಬೇಡಿ. ಮೇಲೆ ಸೀಲಿಂಗ್‌ನಲ್ಲಿರುವ ಆಕ್ಸೆಸ್ ಪಾಯಿಂಟ್‌ನ ಪೋರ್ಟ್ ದೀಪ ಹೇಗೂ ಕಾಣುವುದಿಲ್ಲ, ಹಾಗಾಗಿ ಸ್ವಿಚ್ ಕಡೆಯ ದೀಪವೇ ಗತಿ.

ಹಂತ 3: ಅಡ್ಮಿನ್ ಪುಟದಲ್ಲಿ ಸ್ಪೀಡ್ ಮತ್ತು ಡ್ಯುಪ್ಲೆಕ್ಸ್

ಬ್ರೌಸರ್‌ನಲ್ಲಿ ಆಕ್ಸೆಸ್ ಪಾಯಿಂಟ್‌ನ ಐಪಿ ಹಾಕಿ ಒಳಗೆ ಹೋಗಿ. ಕಂಟ್ರೋಲರ್ (ಎಲ್ಲಾ ಆಕ್ಸೆಸ್ ಪಾಯಿಂಟ್‌ಗಳನ್ನು ಒಂದೆಡೆಯಿಂದ ನಿಭಾಯಿಸುವ ವ್ಯವಸ್ಥೆ) ಇದ್ದರೆ ಅದರಲ್ಲಿ ಆ ಡಿವೈಸ್ ಆರಿಸಿ. 'ಸ್ಟೇಟಸ್', 'ಪೋರ್ಟ್ಸ್', 'ಈಥರ್ನೆಟ್', 'ಅಪ್‌ಲಿಂಕ್', ಹೀಗೆ ಯಾವುದಾದರೂ ಹೆಸರಿನಲ್ಲಿ ಪೋರ್ಟ್ ವಿವರ ಇರುತ್ತದೆ. ಅಲ್ಲಿ '1000 ಫುಲ್' ಎಂಬಂಥ ಸಾಲು ಹುಡುಕಿ. 1000 ಎಂಬುದು ಸ್ಪೀಡ್, ಫುಲ್ ಎಂಬುದು ಡ್ಯುಪ್ಲೆಕ್ಸ್: ಕಳಿಸುವುದು, ಪಡೆಯುವುದು ಎರಡೂ ಒಟ್ಟಿಗೆ ಆದರೆ ಫುಲ್, ಸರದಿಯಂತೆ ಆದರೆ ಹಾಫ್.

ಅಲ್ಲಿ '100 ಫುಲ್' ಎಂದು ಕಂಡರೆ ಸ್ವಲ್ಪ ನಿಂತು ಯೋಚಿಸಿ. ವೈಫೈ ತೊಂದರೆ ಎಂದು ಕರೆಸಿಕೊಳ್ಳುವ ಎಷ್ಟೋ ದೂರುಗಳ ಮೂಲ ಈ ಒಂದೇ ಸಾಲಿನಲ್ಲಿರುತ್ತದೆ. ಕಾರಣ ಹೀಗೆ. ನೆಟ್‌ವರ್ಕ್ ಕೇಬಲ್ ಒಳಗೆ ನಾಲ್ಕು ಜೋಡಿ ತಂತಿ, ಅಂದರೆ ಎಂಟು ತಂತಿ ಇರುತ್ತವೆ. 100 ಮೆಗಾಬಿಟ್ ಲಿಂಕ್‌ಗೆ ಎರಡೇ ಜೋಡಿ ಸಾಕು: ಪ್ಲಗ್‌ನ 1, 2, 3, 6ನೇ ಪಿನ್. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಈಗ ಕ್ರಿಂಪ್ ಮಾಡುವಾಗ (ತಂತಿಗಳನ್ನು ಪ್ಲಗ್‌ಗೆ ಒತ್ತಿ ಕೂರಿಸುವಾಗ) 7ನೇ ತಂತಿ ಪಿನ್‌ಗೆ ಸರಿಯಾಗಿ ಕಚ್ಚಿಕೊಂಡಿಲ್ಲ ಎಂದುಕೊಳ್ಳಿ. ಗಿಗಾಬಿಟ್ ಹಿಡಿಯಲು ನೋಡಿ ಆಗದೆ, ಎಷ್ಟೋ ಪೋರ್ಟ್‌ಗಳು ತಾವೇ 100ಕ್ಕೆ ಇಳಿದು ಲಿಂಕ್ ಕಟ್ಟಿಕೊಳ್ಳುತ್ತವೆ. ದೀಪ ಉರಿಯುತ್ತದೆ, ಪಿಂಗ್ (ಡಿವೈಸ್ ಉತ್ತರಿಸುತ್ತದೆಯೇ ಎಂಬ ಸಣ್ಣ ಪರೀಕ್ಷೆ) ಹೋಗುತ್ತದೆ, ಡ್ಯಾಶ್‌ಬೋರ್ಡ್‌ನಲ್ಲಿ 'ಆನ್‌ಲೈನ್' ಎಂದು ಹಸಿರು ಚುಕ್ಕೆ ಬರುತ್ತದೆ. ಆದರೆ ಆ ಆಕ್ಸೆಸ್ ಪಾಯಿಂಟ್‌ನಲ್ಲಿರುವ ಎಲ್ಲರೂ ಸೇರಿ 100 ಮೆಗಾಬಿಟ್ ಹಂಚಿಕೊಳ್ಳುತ್ತಿರುತ್ತಾರೆ.

ಇದನ್ನು ಕೂತಲ್ಲೇ ಹಿಡಿಯಲು ಒಂದು ಗುರುತಿದೆ. 100 ಮೆಗಾಬಿಟ್ ಲಿಂಕ್‌ನಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ ಸುಮಾರು 94ಕ್ಕೆ ಬಂದು ನಿಲ್ಲುತ್ತದೆ, ಗಿಗಾಬಿಟ್‌ನಲ್ಲಿ ಸುಮಾರು 940ಕ್ಕೆ. ಹತ್ತಿರ ನಿಂತರೂ ಫೋನ್ ಬದಲಿಸಿದರೂ ಪದೇ ಪದೇ 93, 94 ಎಂದೇ ಬಂದರೆ, ಮತ್ತು ನಿಮ್ಮ ಇಂಟರ್ನೆಟ್ ಪ್ಲಾನ್ 100ಕ್ಕಿಂತ ದೊಡ್ಡದಿದ್ದರೆ, ದಾರಿಯಲ್ಲಿ ಎಲ್ಲೋ ಒಂದು ಪೋರ್ಟ್ 100ರಲ್ಲಿ ಕೂತಿದೆ ಎಂದೇ ಲೆಕ್ಕ. ಮೊದಲು ನೋಡಬೇಕಾದ್ದು ಈ ಅಪ್‌ಲಿಂಕ್.

ಡ್ಯುಪ್ಲೆಕ್ಸ್ ಯಾವಾಗಲೂ 'ಫುಲ್' ಇರಬೇಕು. 'ಹಾಫ್' ಎಂದು ಕಂಡರೆ ಯಾರೋ ಒಂದು ತುದಿಯಲ್ಲಿ ಸ್ಪೀಡನ್ನು ಕೈಯಾರೆ 100 ಫುಲ್‌ಗೆ ಕಟ್ಟಿಹಾಕಿ, ಇನ್ನೊಂದು ತುದಿಯನ್ನು ಆಟೋದಲ್ಲಿ (ಎರಡೂ ತುದಿ ತಾವೇ ಮಾತಾಡಿ ಸ್ಪೀಡ್, ಡ್ಯುಪ್ಲೆಕ್ಸ್ ಒಪ್ಪಿಕೊಳ್ಳುವ ಆಟೋ ನೆಗೋಶಿಯೇಶನ್) ಬಿಟ್ಟಿರುವ ಸಾಧ್ಯತೆ ಜಾಸ್ತಿ. ಆಟೋದಲ್ಲಿರುವ ಕಡೆ ಸ್ಪೀಡನ್ನು ಗುರುತಿಸಬಲ್ಲದು, ಡ್ಯುಪ್ಲೆಕ್ಸನ್ನು ಗುರುತಿಸಲು ಆಗುವುದಿಲ್ಲ. ಹಾಗಾಗಿ ಹಾಫ್ ಎಂದು ಇಟ್ಟುಕೊಳ್ಳುತ್ತದೆ. ಪಿಂಗ್ ಚೆನ್ನಾಗಿಯೇ ಹೋಗುತ್ತದೆ, ದೊಡ್ಡ ಫೈಲ್ ಎಳೆದ ತಕ್ಷಣ ಎಲ್ಲಾ ತೆವಳಲು ಶುರುವಾಗುತ್ತದೆ. ಪರಿಹಾರ ಸುಲಭ: ಎರಡೂ ಕಡೆ ಆಟೋ ಇಡಿ. ತಾಮ್ರದ ಕೇಬಲ್ ಮೇಲಿನ ಗಿಗಾಬಿಟ್‌ಗೆ ಆಟೋ ನೆಗೋಶಿಯೇಶನ್ ಹೇಗೂ ಬೇಕೇ ಬೇಕು.

ಹಂತ 4: ಕಮಾಂಡ್ ಲೈನ್‌ನಲ್ಲಿ ನೋಡುವವರಿಗೆ

ಓಪನ್‌ಡಬ್ಲ್ಯುಆರ್‌ಟಿಯಂಥ ಲಿನಕ್ಸ್ ಓಡುವ ಆಕ್ಸೆಸ್ ಪಾಯಿಂಟ್ ಆದರೆ ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಕಮಾಂಡ್ ಕೊಡುವ ದಾರಿ) ಒಳಗೆ ಹೋಗಿ ಈಥ್‌ಟೂಲ್ ಕಮಾಂಡ್‌ಗೆ ಪೋರ್ಟ್ ಹೆಸರು ಕೊಡಿ. ಸ್ಪೀಡ್, ಡ್ಯುಪ್ಲೆಕ್ಸ್, ಲಿಂಕ್ ಇದೆಯೋ ಇಲ್ಲವೋ, ಎದುರಿನ ತುದಿ ಯಾವ ಯಾವ ಸ್ಪೀಡ್ ಒಪ್ಪುತ್ತೇನೆ ಎಂದಿದೆ, ಎಲ್ಲಾ ಬರುತ್ತದೆ. ಆ ಕಮಾಂಡ್ ಇಲ್ಲದಿದ್ದರೆ ಪ್ಯಾಕೇಜ್ ಹಾಕಿಕೊಳ್ಳಬೇಕು.

ಎದುರಿನ ತುದಿ ಗಿಗಾಬಿಟ್ ಒಪ್ಪುತ್ತೇನೆ ಎಂದು ಹೇಳಿದ್ದರೂ ಲಿಂಕ್ 100ರಲ್ಲೇ ಇದೆಯಾ? ಆಗ ಅನುಮಾನ ನೇರ ಕೇಬಲ್ ಮೇಲೆ. ಎದುರಿನ ಪಟ್ಟಿಯಲ್ಲಿ ಗಿಗಾಬಿಟ್ ಕಾಣದಿದ್ದರೆ ಮೊದಲು ಸ್ವಿಚ್‌ನ ಸೆಟ್ಟಿಂಗ್ ನೋಡಿ.

ಇಲ್ಲಿ ಎರಡು ಕಡೆ ಮೋಸ ಹೋಗುವ ಸಂಭವ ಇದೆ. ಒಂದು, ಕೆಲವು ಡಿವೈಸ್‌ಗಳಲ್ಲಿ 'ಈಥ್0' ಎಂಬುದು ಹೊರಗಿನ ಪೋರ್ಟ್ ಅಲ್ಲವೇ ಅಲ್ಲ. ಅದು ಪ್ರೊಸೆಸರ್‌ನಿಂದ ಒಳಗಿನ ಪುಟ್ಟ ಸ್ವಿಚ್ ಚಿಪ್‌ಗೆ ಹೋಗುವ ಲಿಂಕ್. ನೀವು ಕೇಬಲ್ ಕಿತ್ತುಹಾಕಿದರೂ ಅದು '1000 ಫುಲ್, ಅಪ್' ಎಂದೇ ತೋರಿಸುತ್ತದೆ. ನಿಜವಾದ ಪೋರ್ಟ್‌ಗಳು 'ಲ್ಯಾನ್1', 'ವ್ಯಾನ್' ಎಂಬ ಹೆಸರಿನಲ್ಲಿ ಬೇರೆಯಾಗಿ ಇರುತ್ತವೆ, ಅಥವಾ ಸ್ವಿಚ್ ಚಿಪ್‌ನದೇ ಕಮಾಂಡ್‌ನಲ್ಲಿ ನೋಡಬೇಕಾಗುತ್ತದೆ. ಎರಡು, ಬ್ರಿಡ್ಜ್ ಇಂಟರ್‌ಫೇಸ್. ಅದರಲ್ಲಿ ಕೇಬಲ್ ಪೋರ್ಟ್ ಜೊತೆ ವೈಫೈ ಕೂಡ ಸೇರಿರುತ್ತದೆ. ಕೇಬಲ್ ಸತ್ತರೂ ವೈಫೈ ಜೀವಂತ ಇರುವುದರಿಂದ ಬ್ರಿಡ್ಜ್ ಅಪ್ ಎಂದೇ ಹೇಳುತ್ತಿರುತ್ತದೆ. ಇವೆರಡರಲ್ಲಿ ಯಾವುದನ್ನಾದರೂ ಮಾನಿಟರಿಂಗ್‌ಗೆ ಹಾಕಿದರೆ ಅಲಾರಂ ಎಂದೂ ಬರುವುದಿಲ್ಲ. ಆದ್ದರಿಂದ ಒಂದು ಸಲ ಕೇಬಲ್ ಕಿತ್ತು ಯಾವ ಹೆಸರಿನ ಮುಂದೆ ಡೌನ್ ಬರುತ್ತದೆ ಎಂದು ಕಣ್ಣಾರೆ ನೋಡಿಕೊಳ್ಳಿ. ಪಿಒಇ ಕೇಬಲ್ ಕಿತ್ತರೆ ಡಿವೈಸೇ ಆಫ್ ಆಗುತ್ತದೆ, ಹಾಗಾಗಿ ಈ ಪರೀಕ್ಷೆಗೆ ಅಡಾಪ್ಟರ್ ಇದ್ದರೆ ಅದರಲ್ಲಿ ಓಡಿಸಿ.

ಹಂತ 5: ಎರರ್ ಕೌಂಟರ್ ಓದುವ ರೀತಿ

ಪೋರ್ಟ್ ಪುಟದಲ್ಲಿ ಆರ್‌ಎಕ್ಸ್ (ಪಡೆಯುವಾಗಿನ) ಎರರ್, ಸಿಆರ್‌ಸಿ ಅಥವಾ ಎಫ್‌ಸಿಎಸ್ ಎರರ್ (ದಾರಿಯಲ್ಲಿ ಕೆಟ್ಟ ಪ್ಯಾಕೆಟ್, ಅಂದರೆ ಡೇಟಾ ತುಣುಕು), ಡ್ರಾಪ್ ಎಂದು ಸಂಖ್ಯೆಗಳಿರುತ್ತವೆ. ದೊಡ್ಡ ಸಂಖ್ಯೆ ಕಂಡು ಗಾಬರಿ ಬೀಳಬೇಡಿ. ಅದು ಡಿವೈಸ್ ಶುರುವಾದಾಗಿನಿಂದ ಕೂಡುತ್ತಾ ಬಂದ ಲೆಕ್ಕ. ಯಾವತ್ತೋ ಒಮ್ಮೆ ಕೇಬಲ್ ಅಲುಗಾಡಿಸಿದಾಗ ಆದ 4120 ಎರರ್ ಇವತ್ತಿಗೂ ಅಲ್ಲೇ ಕೂತಿರಬಹುದು. ನಮಗೆ ಬೇಕಾದ್ದು ವ್ಯತ್ಯಾಸ. 10 ಗಂಟೆಗೆ 4120 ಎಂದು ಬರೆದುಕೊಳ್ಳಿ. ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಆಗಲೂ 4120 ಇದ್ದರೆ ಅದು ಹಳೆಯ ಕಥೆ, ಬಿಟ್ಟುಬಿಡಿ. 4910 ಆಗಿದ್ದರೆ ಕೇಬಲ್ ಈಗ, ಈ ಹೊತ್ತಿನಲ್ಲಿ, ಪ್ಯಾಕೆಟ್ ಕೆಡಿಸುತ್ತಿದೆ. ನೋಡುವಾಗ ಒಂದಷ್ಟು ಟ್ರಾಫಿಕ್ ಓಡುತ್ತಿರಲಿ, ಖಾಲಿ ಲಿಂಕ್‌ನಲ್ಲಿ ಎರರ್ ಏರದಿದ್ದರೆ ಅದರಿಂದ ಏನೂ ಸಾಬೀತಾಗುವುದಿಲ್ಲ.

ಇದನ್ನು ಎರಡೂ ತುದಿಯಲ್ಲಿ ಮಾಡಲೇಬೇಕು. ಕೆಟ್ಟ ಪ್ಯಾಕೆಟನ್ನು ಲೆಕ್ಕ ಹಾಕುವುದು ಅದನ್ನು ಪಡೆದ ಕಡೆ. ಆಕ್ಸೆಸ್ ಪಾಯಿಂಟ್‌ನಿಂದ ಹೊರಟು ದಾರಿಯಲ್ಲಿ ಕೆಟ್ಟದ್ದು ಸ್ವಿಚ್‌ನ ಕೌಂಟರ್‌ನಲ್ಲಿ ಮಾತ್ರ ಕಾಣುತ್ತದೆ. ಆಕ್ಸೆಸ್ ಪಾಯಿಂಟ್‌ನ ಪುಟದಲ್ಲಿ ಸೊನ್ನೆ ನೋಡಿ ಕೇಬಲ್ ಚೆನ್ನಾಗಿದೆ ಎಂದು ಹೇಳಿದರೆ ಅರ್ಧ ಮಾತ್ರ ನೋಡಿದಂತೆ.

ಸಿಆರ್‌ಸಿ ಏರುತ್ತಿದ್ದರೆ ಕೇಬಲ್, ಕ್ರಿಂಪ್ ಅಥವಾ ಡ್ಯುಪ್ಲೆಕ್ಸ್ ಹೊಂದಿಕೆ ನೋಡಿ. 'ಲೇಟ್ ಕೊಲಿಷನ್' ಎಂಬುದು ಏರುತ್ತಿದ್ದರೆ ಬಹುತೇಕ ಡ್ಯುಪ್ಲೆಕ್ಸೇ. ಡ್ರಾಪ್ ಅಥವಾ ಡಿಸ್ಕಾರ್ಡ್ ಬೇರೆ ಜಾತಿ: ಅಲ್ಲಿ ಪ್ಯಾಕೆಟ್ ಕೆಟ್ಟಿರುವುದಿಲ್ಲ, ಸಾಲಿನಲ್ಲಿ ಜಾಗ ಸಾಲದೆ ಬಿಟ್ಟಿರುವುದೇ ಹೆಚ್ಚು. ಅಪ್‌ಲಿಂಕ್ ತುಂಬಿ ತುಳುಕುತ್ತಿದೆ ಎಂಬ ಸೂಚನೆ ಇರಬಹುದು.

ಹಂತ 6: ಬಿದ್ದು ಎದ್ದು ಮಾಡುವ ಲಿಂಕ್

ಪೂರ್ತಿ ಸತ್ತ ಪೋರ್ಟ್ ಬೇಗ ಸಿಕ್ಕಿಬೀಳುತ್ತದೆ. ತಲೆನೋವು ಕೊಡುವುದು ಎರಡು ಸೆಕೆಂಡ್ ಬಿದ್ದು ಮತ್ತೆ ಏಳುವ ಪೋರ್ಟ್. ಎರಡೇ ಸೆಕೆಂಡ್ ಅಲ್ವಾ ಎಂದು ಬಿಡುವ ಹಾಗಿಲ್ಲ. ಸ್ವಿಚ್‌ನಲ್ಲಿ ಹಳೆಯ ಸ್ಪ್ಯಾನಿಂಗ್ ಟ್ರೀ (ಡೇಟಾ ಸುತ್ತುತ್ತಲೇ ಇರದಂತೆ ತಡೆಯುವ ವ್ಯವಸ್ಥೆ) ಓಡುತ್ತಿದ್ದು, ಆ ಪೋರ್ಟನ್ನು ಎಡ್ಜ್ ಅಥವಾ ಪೋರ್ಟ್‌ಫಾಸ್ಟ್ (ಕೊನೆಯ ಡಿವೈಸ್‌ಗೆ ಹೋಗುವ ಪೋರ್ಟ್) ಎಂದು ಗುರುತಿಸಿರದಿದ್ದರೆ, ಲಿಂಕ್ ಬಂದ ಮೇಲೂ 15 ಸೆಕೆಂಡ್ ಆಲಿಸುವ ಹಂತ, 15 ಸೆಕೆಂಡ್ ಕಲಿಯುವ ಹಂತ ಮುಗಿಯುವ ತನಕ ಡೇಟಾ ಬಿಡುವುದಿಲ್ಲ. ಎರಡು ಸೆಕೆಂಡಿನ ಬೀಳುವಿಕೆ ಬಳಸುವವರಿಗೆ ಅರ್ಧ ನಿಮಿಷದ ನಿಲುಗಡೆ ಆಗುತ್ತದೆ. ಕಾಲ್ ಕಟ್ ಆಗಲು ಇಷ್ಟು ಸಾಕು.

ಲಿನಕ್ಸ್ ಡಿವೈಸ್‌ನಲ್ಲಿ ಪ್ರತಿ ಪೋರ್ಟ್‌ಗೂ 'ಕ್ಯಾರಿಯರ್ ಚೇಂಜಸ್' ಎಂಬ ಲೆಕ್ಕ ಇರುತ್ತದೆ. ಲಿಂಕ್ ಬಂದಾಗ ಒಂದು, ಹೋದಾಗ ಒಂದು ಕೂಡುತ್ತದೆ. ಸ್ವಿಚ್ ಆದರೆ ಲಾಗ್‌ನಲ್ಲಿ 'ಲಿಂಕ್ ಡೌನ್', 'ಲಿಂಕ್ ಅಪ್' ಸಾಲುಗಳನ್ನು ಎಣಿಸಿ.

ಜೊತೆಗೆ ಆಕ್ಸೆಸ್ ಪಾಯಿಂಟ್‌ನ ಅಪ್‌ಟೈಮ್ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ಸ್ವಿಚ್ ಲಾಗ್‌ನಲ್ಲಿ 3:10ಕ್ಕೆ ಲಿಂಕ್ ಬಿದ್ದಿದೆ, ಆಕ್ಸೆಸ್ ಪಾಯಿಂಟ್‌ನ ಅಪ್‌ಟೈಮ್ ಕೂಡ 3:10ರಿಂದಲೇ ಶುರುವಾಗಿದೆ ಎಂದರೆ ಡಿವೈಸ್ ರೀಸ್ಟಾರ್ಟ್ ಆಗಿದೆ. ಕರೆಂಟ್ ಕಡೆ, ಇಲ್ಲವೇ ಫರ್ಮ್‌ವೇರ್ ಕಡೆ ನೋಡಿ. ಲಿಂಕ್ ಬಿದ್ದರೂ ಅಪ್‌ಟೈಮ್ ವಾರಗಟ್ಟಲೆ ಇದ್ದರೆ, ಅದೂ ಪಿಒಇಯಲ್ಲಿ ಓಡುವ ಡಿವೈಸ್ ಆದರೆ, ಕರೆಂಟ್ ತಪ್ಪಿಲ್ಲ, ಪ್ಲಗ್ ಪೂರ್ತಿ ಕಳಚಿಲ್ಲ. ಯಾವುದೋ ಒಂದು ತಂತಿಯ ಸಂಪರ್ಕ ಸಡಿಲ ಇರಬೇಕು. ಕೆಲವು ಜೋಡಿ ಡಿವೈಸ್‌ಗಳಲ್ಲಿ ಪವರ್ ಉಳಿಸುವ ಈಥರ್ನೆಟ್ ಸೆಟ್ಟಿಂಗ್ ಕೂಡ ಹೀಗೆ ಮಾಡುತ್ತದೆ. ಅದನ್ನು ಆಫ್ ಮಾಡಿ ನೋಡಿ.

ಹಂತ 7: ಪಿಒಇ

ಸ್ವಿಚ್‌ನ ಪಿಒಇ ಪುಟದಲ್ಲಿ ಆ ಪೋರ್ಟ್ ಎಷ್ಟು ವಾಟ್ ಕೊಡುತ್ತಿದೆ ಎಂದು ನೋಡಿ. 2003ರ 802.3ಎಎಫ್‌ನಲ್ಲಿ ಸ್ವಿಚ್ ಕೊಡುವುದು 15.4 ವಾಟ್, ಕೇಬಲ್‌ನಲ್ಲಿ ಹೋಗುವುದನ್ನು ಕಳೆದು ಡಿವೈಸ್‌ಗೆ ಖಾತ್ರಿ ಇರುವುದು 12.95. 2009ರ 802.3ಎಟಿಯಲ್ಲಿ 30 ಮತ್ತು 25.5. 2018ರಲ್ಲಿ ಬಂದ 802.3ಬಿಟಿಯಲ್ಲಿ ಸ್ವಿಚ್ ಕಡೆ 90 ವಾಟ್ ತನಕ ಹೋಗಬಹುದು. 802.3ಎಟಿ ಬೇಡುವ ಆಕ್ಸೆಸ್ ಪಾಯಿಂಟನ್ನು ಎಎಫ್ ಪೋರ್ಟ್‌ಗೆ ಸಿಕ್ಕಿಸಿದರೆ ಎಷ್ಟೋ ಮಾದರಿಗಳು ಆಫ್ ಆಗುವುದಿಲ್ಲ. ಒಂದು ರೇಡಿಯೊ ನಿಲ್ಲಿಸುತ್ತವೆ, ಆಂಟೆನಾ ಕಡಿಮೆ ಮಾಡುತ್ತವೆ, ಅಥವಾ ಎರಡನೇ ಪೋರ್ಟ್ ಮುಚ್ಚುತ್ತವೆ. 'ಎರಡನೇ ಪೋರ್ಟ್ ಕೆಟ್ಟಿದೆ' ಎಂದು ಡಿವೈಸ್ ಬದಲಿಸುವ ಮೊದಲು ಇದನ್ನು ನೋಡಿ.

ಹಂತ 8: ಎಸ್‌ಎನ್‌ಎಂಪಿಯಲ್ಲಿ ಸದಾ ಕಾವಲು

ಒಂದೆರಡು ಆಕ್ಸೆಸ್ ಪಾಯಿಂಟ್ ಇದ್ದರೆ ಕೈಯಾರೆ ನೋಡಿದರೂ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಝಾಬಿಕ್ಸ್, ಲಿಬ್ರೆಎನ್‌ಎಂಎಸ್‌ನಂಥ ಮಾನಿಟರಿಂಗ್ ಟೂಲ್‌ಗೆ ಒಪ್ಪಿಸಿ. ಇವೆರಡೂ ಉಚಿತ.

ಮೊದಲು ಆಕ್ಸೆಸ್ ಪಾಯಿಂಟ್ ಮತ್ತು ಸ್ವಿಚ್ ಎರಡರಲ್ಲೂ ಎಸ್‌ಎನ್‌ಎಂಪಿ (ಡಿವೈಸ್‌ನ ಸ್ಥಿತಿಯನ್ನು ದೂರದಿಂದ ಕೇಳಿ ತಿಳಿಯುವ ವಿಧಾನ) ಆನ್ ಮಾಡಿ. ಆದಷ್ಟು ವರ್ಷನ್ 3 ಬಳಸಿ, ಪಾಸ್‌ವರ್ಡ್ ಮತ್ತು ಎನ್‌ಕ್ರಿಪ್ಷನ್ ಎರಡೂ ಇರಲಿ. ವರ್ಷನ್ 2ಸಿಯಲ್ಲಿ ಪಾಸ್‌ವರ್ಡ್‌ನಂತೆ ಬಳಸುವ ಕಮ್ಯುನಿಟಿ ಹೆಸರು ಬಯಲಾಗಿಯೇ ಹೋಗುತ್ತದೆ. ಬೇರೆ ದಾರಿ ಇಲ್ಲದೆ ಅದನ್ನೇ ಬಳಸಿದರೆ 'ಪಬ್ಲಿಕ್' ಎಂಬ ಹಳೆಯ ಹೆಸರು ತೆಗೆದುಹಾಕಿ, ಓದುವ ಅನುಮತಿ ಮಾತ್ರ ಕೊಡಿ, ಮಾನಿಟರಿಂಗ್ ಸರ್ವರ್‌ನ ಐಪಿಗೆ ಮಾತ್ರ ಬಾಗಿಲು ತೆರೆಯಿರಿ. ಕೇಳುವುದು ಯುಡಿಪಿ 161ರಲ್ಲಿ, ಟ್ರ್ಯಾಪ್ (ಡಿವೈಸ್ ತಾನಾಗಿ ಕಳಿಸುವ ಸುದ್ದಿ) ಬರುವುದು 162ಕ್ಕೆ.

ಕೇಳಬೇಕಾದ ವಿಷಯಗಳ ಸಂಖ್ಯೆ ಇಲ್ಲಿದೆ. ಪ್ರತಿಯೊಂದರ ಕೊನೆಗೂ ಆ ಪೋರ್ಟ್‌ನ ಇಂಡೆಕ್ಸ್ (ಡಿವೈಸ್ ಅದಕ್ಕೆ ಕೊಟ್ಟಿರುವ ಸಂಖ್ಯೆ) ಸೇರಿಸಬೇಕು.

ಪೋರ್ಟ್ ಹೆಸರು: 1.3.6.1.2.1.31.1.1.1.1
ನಾವು ಇಟ್ಟಿರುವ ಸ್ಥಿತಿ: 1.3.6.1.2.1.2.2.1.7
ನಿಜವಾದ ಸ್ಥಿತಿ: 1.3.6.1.2.1.2.2.1.8
ಕೊನೆಯ ಸಲ ಸ್ಥಿತಿ ಬದಲಾದ ಹೊತ್ತು: 1.3.6.1.2.1.2.2.1.9
ಸ್ಪೀಡ್, ಮೆಗಾಬಿಟ್‌ನಲ್ಲಿ: 1.3.6.1.2.1.31.1.1.1.15
ಒಳಬರುವ ಎರರ್: 1.3.6.1.2.1.2.2.1.14
ಡ್ಯುಪ್ಲೆಕ್ಸ್: 1.3.6.1.2.1.10.7.2.1.19

ನಿಜವಾದ ಸ್ಥಿತಿಯಲ್ಲಿ 1 ಎಂದರೆ ಅಪ್, 2 ಎಂದರೆ ಡೌನ್. ನಾವು ಇಟ್ಟಿರುವ ಸ್ಥಿತಿ 1 ಇದ್ದು ನಿಜವಾದದ್ದು 2 ಇದ್ದರೆ ತೊಂದರೆ. ಎರಡೂ 2 ಇದ್ದರೆ ಯಾರೋ ಬೇಕೆಂದೇ ಪೋರ್ಟ್ ಮುಚ್ಚಿದ್ದಾರೆ, ಅದಕ್ಕೆ ಮಧ್ಯರಾತ್ರಿ ಯಾರನ್ನೂ ಎಬ್ಬಿಸಬೇಕಿಲ್ಲ. ಡ್ಯುಪ್ಲೆಕ್ಸ್‌ನಲ್ಲಿ 2 ಹಾಫ್, 3 ಫುಲ್. ಎಲ್ಲಾ ಆಕ್ಸೆಸ್ ಪಾಯಿಂಟ್‌ಗಳೂ ಡ್ಯುಪ್ಲೆಕ್ಸ್ ಹೇಳುವುದಿಲ್ಲ, ಆಗ ಸ್ವಿಚ್ ಕಡೆಯಿಂದ ಕೇಳಿ.

ಇಂಡೆಕ್ಸ್ ಸಂಖ್ಯೆ ರೀಸ್ಟಾರ್ಟ್ ಆದ ಮೇಲೆ ಬದಲಾಗುವುದುಂಟು. ಟೂಲ್‌ನಲ್ಲಿ ಪೋರ್ಟನ್ನು ಹೆಸರಿನಿಂದ ಗುರುತಿಸುವಂತೆ ಸೆಟ್ ಮಾಡಿ. ಟ್ರಾಫಿಕ್ ಅಳೆಯುವುದಾದರೆ 64 ಬಿಟ್ ಕೌಂಟರನ್ನೇ ಬಳಸಿ. 32 ಬಿಟ್‌ನದು ಗಿಗಾಬಿಟ್ ಪೂರ್ತಿ ಓಡಿದರೆ ಸುಮಾರು 34 ಸೆಕೆಂಡಿನಲ್ಲೇ ತುಂಬಿ ಸೊನ್ನೆಗೆ ಮರಳುತ್ತದೆ, ಗ್ರಾಫ್ ಸುಳ್ಳು ಹೇಳುತ್ತದೆ.

60 ಸೆಕೆಂಡಿಗೊಮ್ಮೆ ಕೇಳಿದರೆ ಸಾಕು. ಎರಡು ಸೆಕೆಂಡ್ ಬಿದ್ದು ಎದ್ದ ಲಿಂಕ್ ಆ ಮಧ್ಯೆ ತಪ್ಪಿಹೋಗುವುದಿಲ್ಲವೇ ಎಂದರೆ, ಸ್ಥಿತಿಯನ್ನು ಮಾತ್ರ ಕೇಳಿದರೆ ಖಂಡಿತ ತಪ್ಪಿಹೋಗುತ್ತದೆ. ಅದಕ್ಕೇ ಕೊನೆಯ ಸಲ ಬದಲಾದ ಹೊತ್ತನ್ನೂ ಕೇಳುವುದು. ಎರಡು ಸಲ ಕೇಳಿದಾಗಲೂ ಅಪ್ ಇದ್ದು, ಆ ಹೊತ್ತು ಮಾತ್ರ ಬದಲಾಗಿದ್ದರೆ ನಡುವೆ ಏನೋ ಆಗಿದೆ.

ಹಂತ 9: ಅಲಾರಂ ಯಾವುದಕ್ಕೆ, ಯಾರಿಂದ

ಲಿಂಕ್ ಬಿದ್ದಾಗ ಆಕ್ಸೆಸ್ ಪಾಯಿಂಟ್ ಟ್ರ್ಯಾಪ್ ಕಳಿಸುತ್ತದೆ ಎಂದು ನಂಬಿ ಕೂರಬೇಡಿ. ಬಿದ್ದಿರುವುದೇ ಅದರ ಒಂದೇ ದಾರಿ, ಸುದ್ದಿ ಕಳಿಸುವುದು ಎಲ್ಲಿಂದ? ಅಪ್‌ಲಿಂಕ್ ಡೌನ್ ಎಂಬ ಅಲಾರಂ ಬರಬೇಕಾದ್ದು ಸ್ವಿಚ್‌ನ ಪೋರ್ಟ್‌ನಿಂದ. ಸ್ವಿಚ್‌ನಲ್ಲಿ ಆ ಪೋರ್ಟ್‌ಗೆ ಆಕ್ಸೆಸ್ ಪಾಯಿಂಟ್‌ನ ಹೆಸರನ್ನೇ ವಿವರಣೆಯಾಗಿ ಬರೆದಿಟ್ಟರೆ ಅಲಾರಂನಲ್ಲಿ '17ನೇ ಪೋರ್ಟ್' ಎಂಬ ಬದಲು ಜಾಗದ ಹೆಸರೇ ಬರುತ್ತದೆ.

ಮೆಶ್ ಇದ್ದರೆ ಇನ್ನೂ ಹುಷಾರಾಗಿರಿ. ಕೇಬಲ್ ಹೋದ ತಕ್ಷಣ ಕೆಲವು ಆಕ್ಸೆಸ್ ಪಾಯಿಂಟ್‌ಗಳು ಪಕ್ಕದ ಆಕ್ಸೆಸ್ ಪಾಯಿಂಟನ್ನು ಗಾಳಿಯಲ್ಲೇ ಹಿಡಿದುಕೊಂಡು 'ಆನ್‌ಲೈನ್' ಎಂದೇ ತೋರಿಸುತ್ತವೆ. ಪಿಂಗ್ ಕೂಡ ಹೋಗುತ್ತದೆ. ಆದರೆ ವೇಗ ಕುಸಿದಿರುತ್ತದೆ, ಪಕ್ಕದವರ ವೇಗವನ್ನೂ ತಿನ್ನುತ್ತಿರುತ್ತದೆ. ಅಡಾಪ್ಟರ್‌ನಲ್ಲಿ ಓಡುವ ಡಿವೈಸ್‌ಗಳಲ್ಲಿ ಇದು ತಿಂಗಳುಗಟ್ಟಲೆ ಗೊತ್ತಾಗದೆ ಉಳಿಯಬಹುದು. ಕಂಟ್ರೋಲರ್‌ನಲ್ಲಿ ಅಪ್‌ಲಿಂಕ್ 'ವೈರ್ಡ್' ಇದೆಯೋ 'ವೈರ್‌ಲೆಸ್' ಇದೆಯೋ ಎಂಬುದಕ್ಕೂ ಒಂದು ಅಲಾರಂ ಇಡಿ.

ನಾನಾದರೆ ಇಷ್ಟಕ್ಕೆ ಅಲಾರಂ ಇಡುತ್ತೇನೆ: ಸ್ವಿಚ್ ಕಡೆ ಲಿಂಕ್ ಎರಡು ಸಲ ಸತತ ಡೌನ್ ಕಂಡರೆ, ಸ್ಪೀಡ್ ಶೀಟ್‌ನಲ್ಲಿ ಬರೆದದ್ದಕ್ಕಿಂತ ಕಡಿಮೆಯಾದರೆ, ಎರರ್ ಸತತವಾಗಿ ಏರುತ್ತಿದ್ದರೆ, ಒಂದು ಗಂಟೆಯಲ್ಲಿ ಮೂರಕ್ಕಿಂತ ಜಾಸ್ತಿ ಸಲ ಲಿಂಕ್ ಬಿದ್ದರೆ. ಖಾಲಿ ಬಿಟ್ಟಿರುವ ಪೋರ್ಟ್‌ಗಳಿಗೆ ಡೌನ್ ಅಲಾರಂ ಬೇಡ. ಅವು ಅಪ್ ಆದರೆ ಮಾತ್ರ ತಿಳಿಸಲಿ, ಯಾರೋ ಏನೋ ಸಿಕ್ಕಿಸಿದ್ದಾರೆ ಎಂದರ್ಥ. ಬಳಸದ ಪೋರ್ಟ್ ಮುಚ್ಚಿಬಿಡುವುದು ಇನ್ನೂ ಒಳ್ಳೆಯದು. ಸ್ವಿಚ್ ಮೇಲೆ ಆಕ್ಸೆಸ್ ಪಾಯಿಂಟ್‌ಗಳು ಅವಲಂಬಿಸಿವೆ ಎಂದು ಟೂಲ್‌ನಲ್ಲಿ ಹೇಳಿಡಿ. ಇಲ್ಲದಿದ್ದರೆ ಸ್ವಿಚ್ ಒಂದು ಬಿದ್ದಾಗ ಇಪ್ಪತ್ತು ಮೆಸೇಜ್ ಬಂದು ನಿಜವಾದದ್ದು ಅದರಡಿ ಹೂತುಹೋಗುತ್ತದೆ.

ಹಂತ 10: ಅಲಾರಂ ಬಂತು, ಈಗ?

ಅಗ್ಗದ್ದು ಮೊದಲು. ಎರಡೂ ತುದಿಯ ಪ್ಲಗ್ ಕಳಚಿ ಮತ್ತೆ 'ಕ್ಲಿಕ್' ಎನ್ನುವ ತನಕ ಒತ್ತಿ. ಆಗಲಿಲ್ಲವೇ? ರ‍್ಯಾಕ್ ಕಡೆಯ ಪ್ಯಾಚ್ ಕೇಬಲ್ ಬದಲಿಸಿ, ಆಮೇಲೆ ಆಕ್ಸೆಸ್ ಪಾಯಿಂಟ್ ಕಡೆಯದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿ ಸಲವೂ ಸ್ಪೀಡ್ ಮತ್ತು ಎರರ್ ನೋಡಿ. ನಂತರ ಸ್ವಿಚ್‌ನಲ್ಲಿ ಬೇರೆ ಪೋರ್ಟ್‌ಗೆ ಹಾಕಿ ನೋಡಿ, ವಿಎಲ್ಯಾನ್ (ಒಂದೇ ಸ್ವಿಚ್‌ನೊಳಗೆ ಬೇರೆ ಮಾಡಿದ ನೆಟ್‌ವರ್ಕ್) ಮತ್ತು ಪಿಒಇ ಸೆಟ್ಟಿಂಗ್ ಅಲ್ಲೂ ಅದೇ ಇರಲಿ.

ಗೋಡೆಯೊಳಗಿನ ಕೇಬಲ್ ಮೇಲೆ ಅನುಮಾನ ಉಳಿದರೆ ಹಲವು ಸ್ವಿಚ್‌ಗಳಲ್ಲಿರುವ ಕೇಬಲ್ ಟೆಸ್ಟ್ ಓಡಿಸಿ. ಯಾವ ಜೋಡಿ, ಸುಮಾರು ಎಷ್ಟು ಮೀಟರ್ ದೂರದಲ್ಲಿ ತುಂಡಾಗಿದೆ ಎಂದು ಅದು ಹೇಳುತ್ತದೆ. 2 ಮೀಟರ್ ಒಳಗೆ ಎಂದರೆ ಕ್ರಿಂಪ್ ಅಥವಾ ಪ್ಯಾಚ್ ಪ್ಯಾನೆಲ್‌ನಲ್ಲಿ ಹುಡುಕಿ. ಟೆಸ್ಟ್ ನಡೆಯುವಾಗ ಲಿಂಕ್ ಕ್ಷಣಕಾಲ ಬೀಳುತ್ತದೆ, ಜನ ಬಳಸುತ್ತಿರುವಾಗ ಬೇಡ. ಒಟ್ಟು ಉದ್ದ 100 ಮೀಟರ್ ದಾಟಿದೆಯೇ ಎಂಬುದನ್ನೂ ನೋಡಿ.

ಕೊನೆಗೆ, ಚೆನ್ನಾಗಿ ಓಡುತ್ತಿದೆ ಎಂದು ಗೊತ್ತಿರುವ ಇನ್ನೊಂದು ಆಕ್ಸೆಸ್ ಪಾಯಿಂಟನ್ನು ಅದೇ ಕೇಬಲ್‌ಗೆ ಹಾಕಿ. ಅದೂ 100ಕ್ಕೇ ಇಳಿದರೆ ಹೊಸ ಕೇಬಲ್ ಎಳೆಸಿ. ಅದು ಪೂರ್ತಿ ಸ್ಪೀಡ್‌ನಲ್ಲಿ ಬಂದರೆ ಹಳೆಯದರ ಪೋರ್ಟ್ ಹೋಗಿದೆ. ನೀವು ಬರೆದುಕೊಂಡ ಕೌಂಟರ್ ಸಂಖ್ಯೆ, ಲಾಗ್‌ನ ಸಾಲುಗಳನ್ನು ಜೊತೆಗಿಟ್ಟು ವಾರಂಟಿಗೆ ಕಳಿಸಿ.